ಪುಟ್ಟಣ್ಣನ ಸಿನಿಮಾದಲ್ಲಿ ಎಲ್ಲರೂ ಬೆಟ್ಟ ಹತ್ತೋದು ಯಾಕೆ?

ಕಳೆದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ ಒಂದು ಸಾಲು ಸೇರಿಸಿದ್ದೆ. ಹೀರೋ ಯಾರು ಅಂತ ಕೇಳದೆ ‘ಪುಟ್ಟಣ್ಣನ ಪಿಕ್ಚರ್’ ಅಂತ ಹೇಳಿ ಜನ ಟಿಕೆಟ್ ಕೊಂಡ ಕಾಲ ನಮ್ಮಲ್ಲಿತ್ತು ಅಂತ. ಸುಮ್ನೆ ಬರೆದದ್ದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಗಳಿದವರಿದ್ದಾರೆ, ಬೈದವರಿದ್ದಾರೆ, ‘ನಾಗರಹಾವು’ ಸಿನಿಮಾದ ಡೈಲಾಗನ್ನು ಇಡೀ ಪುಟ ಬರೆದು ಕಳಿಸಿದವರೂ ಇದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ನಿರ್ದೇಶಕ ಪುಟ್ಟಣ್ಣ ಕಣಗಾಲರಿಗೆ. ಮೊಣಕಾಲು ನೋವು, ಮನೆ ವಾಸ್ತು, ಮಗನ ಮದುವೆಯ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಟೀವಿಯಲ್ಲಿ ಪುಟ್ಟಣ್ಣನವರ ಸಿನಿಮಾ ಬಂದಾಗಲೆಲ್ಲ ನಾನೂ ನನ್ನ ಹೆಂಡತಿಯೂ ಒಂದು ಪಂದ್ಯ ಕಟ್ಟುತ್ತೇವೆ, ಎಷ್ಟು ಹೊತ್ತಿಗೆ ಯಾರು ಬೆಟ್ಟ ಹತ್ತುತ್ತಾರೆ ಅಂತ. ಯಾವಾಗಲೂ ಅವಳೇ ಗೆಲ್ಲುತ್ತಾಳೆ. ಸಾರ್, ಇಷ್ಟೊಂದು ಬೆಟ್ಟ ಗುಡ್ಡ ಯಾಕೆ? ಚೆಂದ ಕಾಣಲಿ ಅಂತಲಾ? (ಹಾಸನದ ಓದುಗರು)

ಉತ್ತರ: ಚೆಂದ ಕಾಣುತ್ತದೆ, ಇಲ್ಲ ಅನ್ನಲ್ಲ. ಆದರೆ ಅಷ್ಟೇ ಆಗಿದ್ದರೆ ಊಟಿಗೆ ಹೋಗಿ ಎರಡು ಡ್ಯುಯೆಟ್ ತೆಗೆದುಕೊಂಡು ಬಂದಿದ್ದರೆ ಸಾಕಿತ್ತು, ಆ ಕಾಲದಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು.

ನೀವು ಮುಂದಿನ ಸಲ ಪಂದ್ಯ ಕಟ್ಟುವಾಗ ಬೆಟ್ಟ ಬಿಟ್ಟು ಮನೆ ನೋಡಿ. ಅವರ ಸಿನಿಮಾದ ಮನೆಗಳಲ್ಲಿ ಯಾರೂ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳೋದಿಲ್ಲ. ಹೇಳಲು ಆಗೋದಿಲ್ಲ. ಪಡಸಾಲೆಯಲ್ಲಿ ಹಿರಿಯರು ಕೂತಿರುತ್ತಾರೆ, ಅಡುಗೆಮನೆ ಬಾಗಿಲಲ್ಲಿ ಇನ್ಯಾರೋ ನಿಂತಿರುತ್ತಾರೆ, ಗೋಡೆಯ ಮೇಲಿನ ದೇವರ ಫೋಟೋ ಕೂಡ ಕೇಳಿಸಿಕೊಳ್ಳುತ್ತಿರುವ ಹಾಗೆ ಇರುತ್ತದೆ. ಮಾತೆಲ್ಲ ಮರ್ಯಾದೆಯ ಮಾತು. ಒಳಗೆ ಕುದಿಯುತ್ತಿರುವುದಕ್ಕೆ ಎಲ್ಲಾದರೂ ಜಾಗ ಬೇಕಲ್ಲ. ಆಗ ಪಾತ್ರ ಹೊಸಿಲು ದಾಟಿ ಹೊರಗೆ ಬರುತ್ತದೆ, ಗುಡ್ಡ ಹತ್ತುತ್ತದೆ, ಹಾಡು ಶುರುವಾಗುತ್ತದೆ.

‘ನಾಗರಹಾವು’ ಚಿತ್ರದ ‘ಹಾವಿನ ದ್ವೇಷ’ ಹಾಡನ್ನೇ ತೆಗೆದುಕೊಳ್ಳಿ. ಅದರ ಹೀರೋ ರಾಮಾಚಾರಿ ಮನೆಯಲ್ಲಿ ಅಪ್ಪನ ಎದುರು ನಿಂತು ಆ ಸಿಟ್ಟನ್ನು ತೋರಿಸಿದ್ದರೆ ಒಂದು ಕಪಾಳಕ್ಕೆ ಮುಗಿಯುತ್ತಿತ್ತು. ಅದನ್ನೇ ಚಿತ್ರದುರ್ಗದ ಬಂಡೆಗಳ ಮೇಲೆ ಓಡಾಡಿಕೊಂಡು ಹಾಡಿದಾಗ ಇಡೀ ಕೋಟೆಗೇ ಸಿಟ್ಟು ಬಂದ ಹಾಗೆ ಕಾಣುತ್ತದೆ. ಬಂಡೆಗೆ ಮೆದು ಅನ್ನುವುದೇ ಇಲ್ಲ, ನೆರಳಿಲ್ಲ, ನೀರಿಲ್ಲ. ಹುಡುಗನೂ ಹಾಗೇ. ಅವನ ಸ್ವಭಾವ ವಿವರಿಸುವ ಡೈಲಾಗಿನ ಕೆಲಸವನ್ನು ಅರ್ಧ ಆ ಕಲ್ಲುಗಳೇ ಮಾಡಿಬಿಡುತ್ತವೆ.

‘ಬೆಳ್ಳಿಮೋಡ’ದಲ್ಲಿ (1967) ಮಲೆನಾಡಿನ ಎಸ್ಟೇಟು. ಅಲ್ಲಿ ಎಲ್ಲ ತಂಪು, ಹಸಿರು, ಮಂಜು. ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆ ಅಲ್ಲೇ ಬರೋದು. ಆದರೆ ಅಷ್ಟು ಚೆಂದದ ಜಾಗದಲ್ಲಿ ನಡೆಯುವುದು ಏನು? ಒಬ್ಬ ಹುಡುಗ ಎಸ್ಟೇಟಿನ ಆಸೆಗೆ ಒಂದು ಹುಡುಗಿಯನ್ನು ಒಪ್ಪುತ್ತಾನೆ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಅಂದ ಕೂಡಲೇ ಬೇಡ ಅನ್ನುತ್ತಾನೆ. ವ್ಯಾಪಾರ. ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರಕ್ಕಂತೂ ಹೆಸರಿನಲ್ಲೇ ಗುಡ್ಡ ಇದೆ.

ಒಂದು ವಿಷಯ ನೆನಪಾಯಿತು. ಒಮ್ಮೆ ದುರ್ಗದ ಕೋಟೆ ನೋಡಲು ಹೋದಾಗ ನಮ್ಮ ಮುಂದೆ ಒಂದು ಶಾಲೆ ಮಕ್ಕಳ ಗುಂಪು ಇತ್ತು. ಓಬವ್ವನ ಕಿಂಡಿ ಹತ್ತಿರ ಗೈಡ್ ಕಥೆ ಶುರುಮಾಡುವ ಮೊದಲೇ ಒಬ್ಬ ಹುಡುಗ ಕೂಗಿದ: ‘ಸಾರ್ ಗೊತ್ತು, ಜಯಂತಿ!’ ನಿಜವಾದ ಓಬವ್ವನ ಮುಖ ಯಾರೂ ನೋಡಿಲ್ಲ. ನಮ್ಮ ತಲೆಯಲ್ಲಿರುವ ಓಬವ್ವ ‘ನಾಗರಹಾವು’ ಸಿನಿಮಾದ ಒಂದು ಹಾಡಿನಲ್ಲಿ ನಟಿ ಜಯಂತಿಯವರ ಮೂಲಕ ಪುಟ್ಟಣ್ಣ ತೋರಿಸಿದ ಓಬವ್ವ.

ಪ್ರಶ್ನೆ: ನಾನು ಸಿನಿಮಾ ಕೋರ್ಸ್ ಓದುತ್ತಿದ್ದೇನೆ. ಕ್ಲಾಸಿನಲ್ಲಿ ‘ಓತರ್’ ಅಂತ ಒಂದು ಪಾಠ ಬಂತು, ಅಂದರೆ ಲೇಖಕ ಪುಸ್ತಕ ಬರೆದ ಹಾಗೆ ನಿರ್ದೇಶಕ ತನ್ನ ಸಿನಿಮಾ ಬರೆಯುತ್ತಾನೆ ಅಂತ. ನಾನು ಪುಟ್ಟಣ್ಣನವರ ಹೆಸರು ಹೇಳಿದೆ. ಸ್ನೇಹಿತರು ನಕ್ಕರು. ಕಥೆಗಳೆಲ್ಲ ಕಾದಂಬರಿಯಿಂದ ತಂದದ್ದು, ಅದರಲ್ಲಿ ಅವರದ್ದೇನು ಬಂತು ಅಂದರು. ಏನು ಉತ್ತರ ಕೊಡಲಿ? (ಮೈಸೂರಿನ ವಿದ್ಯಾರ್ಥಿ)

ಉತ್ತರ: ಅಕ್ಕಿ ಯಾರ ಗದ್ದೆಯದ್ದಾದರೂ ಆಗಲಿ, ಸಾರಿನ ಒಗ್ಗರಣೆ ವಾಸನೆ ಬಂದಾಗ ಇದು ಯಾರ ಮನೆಯ ಅಡುಗೆ ಅಂತ ಗೊತ್ತಾಗುತ್ತದಲ್ಲ, ಹಾಗೆ ಅಂತ ಹೇಳಿ. ಅದಕ್ಕೂ ನಕ್ಕರೆ ಕೆಳಗಿನದನ್ನು ಓದಿಸಿ.

ಅವರು ಕಾದಂಬರಿಗಳನ್ನು ಹಿಡಿದದ್ದು ನಿಜ. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮೊದಲು ಮಲಯಾಳಂನಲ್ಲಿ ‘ಪೂಚ್ಚಕಣ್ಣಿ’ (1966) ಅಂತ ಮಾಡಿದರು. ಆಮೇಲೆ ಕನ್ನಡದಲ್ಲಿ ತ್ರಿವೇಣಿಯವರದ್ದೇ ‘ಬೆಳ್ಳಿಮೋಡ’, ‘ಶರಪಂಜರ’. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು, ಇವು ಯಾವುದನ್ನೂ ನೋಡಲಿಲ್ಲ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದ್ದು, ‘ಶುಭಮಂಗಳ’ ವಾಣಿ ಅವರದ್ದು, ‘ಋಣಮುಕ್ತಳು’ ಅನುಪಮಾ ನಿರಂಜನ ಅವರದ್ದು. ‘ನಾಗರಹಾವು’ (1972) ಅಂತೂ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟರು ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ನನಗೆ ಈ ಮಾತು ಬಹಳ ಇಷ್ಟ. ಯಾಕೆ ಅಂದರೆ ನಿಮ್ಮ ಸ್ನೇಹಿತರ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ. ಕಾದಂಬರಿ ಹಾಗೇ ತೆರೆಗೆ ಬಂದಿದ್ದರೆ ಬರೆದವರಿಗೆ ಬೇಸರ ಯಾಕಾಗಬೇಕು?

ಈಗ ಸುಮ್ನೆ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಶರಪಂಜರ. ಧರ್ಮಸೆರೆ. ಋಣಮುಕ್ತಳು. ‘ಕಥಾಸಂಗಮ’ದ ಮೂರು ಕಥೆಗಳಲ್ಲಿ ಗಿರಡ್ಡಿ ಗೋವಿಂದರಾಜ ಅವರ ಕಥೆಯ ಹೆಸರು ‘ಹಂಗು’. ಒಂದರಲ್ಲಿ ಪಂಜರ, ಒಂದರಲ್ಲಿ ಸೆರೆಮನೆ, ಒಂದರಲ್ಲಿ ತೀರಿಸಬೇಕಾದ ಋಣ, ಇನ್ನೊಂದರಲ್ಲಿ ಹೊತ್ತುಕೊಂಡು ತಿರುಗಬೇಕಾದ ಹಂಗು. ಹೆಸರಿಟ್ಟವರು ಬೇರೆ ಬೇರೆ ಲೇಖಕರು, ಬೇರೆ ಬೇರೆ ಕಾಲದಲ್ಲಿ. ಆದರೆ ಕನ್ನಡದ ಅಷ್ಟು ದೊಡ್ಡ ಪುಸ್ತಕದ ಕಪಾಟಿನಿಂದ ಇವನ್ನೇ ಹುಡುಕಿ ತೆಗೆದ ಕೈ ಒಂದೇ. ಯಾರಿಗೋ ಯಾರೋ ಒಳ್ಳೆಯದು ಮಾಡಿರುತ್ತಾರೆ, ಅಥವಾ ಪ್ರೀತಿ ತೋರಿಸಿರುತ್ತಾರೆ, ಅಥವಾ ಸಾಕಿರುತ್ತಾರೆ. ಅದರ ಬೆಲೆ ತೀರಿಸುವುದರಲ್ಲಿ ಒಂದು ಜೀವ ಮುಗಿದುಹೋಗುತ್ತದೆ. ಪುಟ್ಟಣ್ಣ ಜೀವನಪೂರ್ತಿ ಹೇಳಿದ್ದು ಈ ಒಂದೇ ಕಥೆ ಅನ್ನೋದು ನನ್ನ ಲೆಕ್ಕ. ಅವರ ಸಿನಿಮಾದ ವಿಲನ್‌ಗಳು ನಿಮಗೆ ನೆನಪಿದ್ದಾರಾ? ನನಗಂತೂ ಇಲ್ಲ. ನೆನಪಿರೋದೆಲ್ಲ ಒಳ್ಳೆಯವರು, ಆ ಒಳ್ಳೆಯವರಿಂದ ಹಾಳಾದವರು.

ಇನ್ನೊಂದು. ‘ಗೆಜ್ಜೆಪೂಜೆ’ಗೆ ರಾಷ್ಟ್ರಪ್ರಶಸ್ತಿ ಬಂದಾಗ ಚಿತ್ರಕಥೆಗೂ ಪ್ರಶಸ್ತಿ ಬಂತು, ಅದು ಪುಟ್ಟಣ್ಣನವರಿಗೇ. ಕಾದಂಬರಿ ಬೇರೆ, ಚಿತ್ರಕಥೆ ಬೇರೆ ಅಂತ ನಿಮ್ಮ ಸ್ನೇಹಿತರಿಗೆ ಅದೇ ಕೋರ್ಸಿನಲ್ಲಿ ಹೇಳಿಕೊಟ್ಟಿರಬೇಕಲ್ವಾ?

ಪ್ರಶ್ನೆ: ರಾಜ್‌ಕುಮಾರ್ ಜೊತೆ ಪುಟ್ಟಣ್ಣ ಎಷ್ಟು ಸಿನಿಮಾ ಮಾಡಿದ್ದಾರೆ? ನಮ್ಮ ಮನೆಯಲ್ಲಿ ಜಗಳ ನಡೆದಿದೆ. (ತುಮಕೂರು)

ಉತ್ತರ: ಮೂರು. ಮಲ್ಲಮ್ಮನ ಪವಾಡ (1969), ಕರುಳಿನ ಕರೆ (1970), ಸಾಕ್ಷಾತ್ಕಾರ (1971). ಜಗಳ ನಿಲ್ಲಿಸಿ. ಮೂರನೆಯದರಲ್ಲಿ ಪೃಥ್ವಿರಾಜ್ ಕಪೂರ್ ಕೂಡ ಇದ್ದಾರೆ. ‘ಒಲವೇ ಜೀವನ ಸಾಕ್ಷಾತ್ಕಾರ’ ಹಾಡು ಬರೆದವರು ಪುಟ್ಟಣ್ಣನವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ. ಇದನ್ನು ಹೇಳಿ ಜಗಳ ಗೆದ್ದವರಿಗೆ ಒಂದು ಪಾಯಿಂಟ್ ಜಾಸ್ತಿ ಕೊಡಬಹುದು.

ಪ್ರಶ್ನೆ: ಮೊನ್ನೆ ಅವ್ವನ ಜೊತೆ ‘ಶರಪಂಜರ’ ನೋಡಿದೆ. ಅವ್ವ ಅತ್ತಳು, ನನಗೆ ಸಿಟ್ಟು ಬಂತು. ಹೆಣ್ಣುಮಕ್ಕಳ ಪರ ಇದ್ದ ನಿರ್ದೇಶಕ ಅಂತ ಎಲ್ಲರೂ ಹೊಗಳುತ್ತಾರೆ. ಅವರ ಹೀರೋಯಿನ್‌ಗಳು ಒಂದೋ ಹುಚ್ಚಿ ಆಗುತ್ತಾರೆ, ಇಲ್ಲ ಸಾಯುತ್ತಾರೆ. ಇದು ಎಂಥ ಪರ? (ಧಾರವಾಡ, ವಯಸ್ಸು 24)

ಉತ್ತರ: ನಿಮ್ಮ ಸಿಟ್ಟು ಸರಿ. ನಿಮ್ಮ ಅವ್ವನ ಅಳುವೂ ಸರಿ. ನಾನು ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುತ್ತೇನೆ.

ಮೊದಲು ಅವ್ವನ ಪರ. ‘ಶರಪಂಜರ’ದ ಮೊದಲರ್ಧದಲ್ಲಿ ಕಾವೇರಿ ಎಷ್ಟು ಸುಖವಾಗಿರುತ್ತಾಳೆ ನೆನಪು ಮಾಡಿಕೊಳ್ಳಿ. ಪ್ರೀತಿಸಿ ಮದುವೆಯಾದ ಗಂಡ, ಮಗು, ಹಾಡು, ಸೀರೆ. ಆಗಿನ ಹೆಂಗಸರು ಕಾವೇರಿ ಪಾತ್ರದಲ್ಲಿ ಕಲ್ಪನಾ ಉಟ್ಟ ಸೀರೆ ನೋಡಲೆಂದೇ ಎರಡನೇ ಸಲ ಹೋಗುತ್ತಿದ್ದರು ಅಂತ ನನ್ನ ಚಿಕ್ಕಮ್ಮ ಹೇಳುತ್ತಿದ್ದರು. ಬಾಣಂತನದಲ್ಲಿ ಅವಳ ಮನಸ್ಸಿನ ಸಮತೋಲನ ತಪ್ಪುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿ ಗುಣವಾಗುತ್ತದೆ. ಇಲ್ಲಿ ಒಂದು ನಿಮಿಷ ನಿಲ್ಲಿ. 1971ರ ಸಿನಿಮಾ ಇದು. ಹುಚ್ಚು ಅಂದರೆ ದೆವ್ವ, ಮಂತ್ರವಾದಿ, ಬೇವಿನ ಸೊಪ್ಪು ಅನ್ನುತ್ತಿದ್ದ ಊರುಗಳಲ್ಲಿ ಓಡಿದ ಸಿನಿಮಾ. ಅದು ಹೇಳುತ್ತದೆ, ಇದು ಕಾಯಿಲೆ, ಡಾಕ್ಟರು ಇದ್ದಾರೆ, ವಾಸಿಯಾಗುತ್ತದೆ.

ವಾಸಿಯಾಗದೇ ಇರೋದು ಮನೆ. ಅವಳು ವಾಪಸ್ ಬಂದ ಮೇಲಿನ ಭಾಗ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ನೋಡಿದರೂ ಎದೆ ಹಿಂಡಿದ ಹಾಗೆ ಆಗುತ್ತದೆ. ಯಾರೂ ಅವಳನ್ನು ಹೊಡೆಯೋದಿಲ್ಲ, ಹೊರಗೆ ಹಾಕೋದಿಲ್ಲ. ಎಲ್ಲರೂ ಜೋಪಾನ. ಆ ಜೋಪಾನವೇ ಕೊಲ್ಲುತ್ತದೆ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಒಂದು ಮಾತು ಏರುದನಿಯಲ್ಲಿ ಆಡಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಗಂಡನಿಗೆ ಇನ್ನೊಬ್ಬಳ ಸಂಬಂಧ ಇರುತ್ತದೆ, ಅವನನ್ನು ಯಾರೂ ಅನುಮಾನದಿಂದ ನೋಡೋದಿಲ್ಲ. ‘ಹದಿನಾಲ್ಕು ವರ್ಷ ವನವಾಸದಿಂದ’ ಹಾಡಿನಲ್ಲಿ ಸೀತೆ ಮರಳಿ ಬಂದದ್ದನ್ನು ಕಾವೇರಿ ಹಾಡುವಾಗ ಕೇಳುತ್ತಿರುವ ನಮಗೆ ಗೊತ್ತಿರುತ್ತದೆ, ಸೀತೆಗೆ ಮುಂದೆ ಏನಾಯಿತು ಅಂತ. ಹಾಡಿನಲ್ಲಿ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಆಸ್ಪತ್ರೆ ವಾಸಿ ಮಾಡಿ ಕಳಿಸಿದವಳನ್ನು ಮನೆ ಮತ್ತೆ ಆಸ್ಪತ್ರೆಗೆ ಕಳಿಸುತ್ತದೆ. ತಪ್ಪು ಯಾರದು ಅನ್ನುವುದರಲ್ಲಿ ಸಿನಿಮಾಗೆ ಎಳ್ಳಷ್ಟೂ ಗೊಂದಲ ಇಲ್ಲ. ನಿಮ್ಮ ಅವ್ವ ಅತ್ತದ್ದು ಅದಕ್ಕೆ ಇರಬೇಕು. ಕೇಳಿ ನೋಡಿ ಒಮ್ಮೆ.

ಈಗ ನಿಮ್ಮ ಪರ. ಹೆಣ್ಣಿನ ಗಾಯ ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಗುರುತಿಸಿದವರು ನಮ್ಮ ಕಮರ್ಷಿಯಲ್ ಸಿನಿಮಾದಲ್ಲಿ ಇರಲಿಲ್ಲ. ಆದರೆ ಗಾಯ ಮಾಗಿದ ಮೇಲೆ ಅವಳು ಹೇಗೆ ಬದುಕಬಹುದು ಅನ್ನೋದು ಅವರಿಗೆ ಅಷ್ಟಾಗಿ ಹೊಳೆಯಲಿಲ್ಲ, ಅಥವಾ ಪ್ರೇಕ್ಷಕರು ಒಪ್ಪಲಿಕ್ಕಿಲ್ಲ ಅಂದುಕೊಂಡರು. ‘ಗೆಜ್ಜೆಪೂಜೆ’ಯ ಚಂದ್ರಾ ಮದುವೆಯಾಗಿ ಎಲ್ಲರ ಹಾಗೆ ಇರಬೇಕು ಅಂತ ಮಾತ್ರ ಕೇಳಿದವಳು. ಅಪ್ಪನ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡು ಸಾಯುತ್ತಾಳೆ. ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಮಾಧವಿಗೆ ಆಸೆ ಇದೆ ಅಂತ ಒಪ್ಪಿಕೊಳ್ಳುವ ಧೈರ್ಯ ತೋರಿಸಿದರು. ಯುದ್ಧದಲ್ಲಿ ಪೆಟ್ಟು ತಿಂದ ಗಂಡ, ಇನ್ನೂ ಯೌವನದ ಹೆಂಡತಿ, ‘ವಿರಹಾ ನೂರು ನೂರು ತರಹ’. ಜಯಂತಿ ಆ ಹಾಡಿನಲ್ಲಿ ಕಣ್ಣಲ್ಲೇ ಎಲ್ಲ ಹೇಳಿಬಿಡುತ್ತಾರೆ. ಆದರೆ ಆಸೆಪಟ್ಟವಳನ್ನು ನೆಮ್ಮದಿಯಾಗಿ ಬಿಡಲು ಪುಟ್ಟಣ್ಣನಿಗೂ ಕೈ ಬರಲಿಲ್ಲ. ಇದನ್ನು ನಾನು ಒಪ್ಪುತ್ತೇನೆ, ಸುತ್ತಿಬಳಸಿ ಸಮರ್ಥನೆ ಮಾಡೋದಿಲ್ಲ.

ಎರಡು ಮಾತು ಮಾತ್ರ ಸೇರಿಸುತ್ತೇನೆ. ‘ಬೆಳ್ಳಿಮೋಡ’ದ ಇಂದಿರಾ ಹುಚ್ಚಿಯೂ ಆಗಲ್ಲ, ಸಾಯೋದೂ ಇಲ್ಲ. ಬಿಟ್ಟುಹೋದವನು ಅಪಘಾತವಾಗಿ ಬಿದ್ದಾಗ ಅವನ ಸೇವೆ ಮಾಡುತ್ತಾಳೆ, ಅವನಿಗೆ ಆಗ ಪ್ರೀತಿ ಹುಟ್ಟುತ್ತದೆ, ನಿಧಾನವಾಗಿ. ಇವಳು ಬೇಡ ಅನ್ನುತ್ತಾಳೆ. ಕೊನೆಯಲ್ಲಿ ಹೀರೋ ಕಾಲಿಗೆ ಬಿದ್ದು ಅಳುವ ಹೀರೋಯಿನ್‌ಗಳ ನಡುವೆ 1967ರಲ್ಲಿ ಒಬ್ಬಳು ಸೆಟೆದು ನಿಂತು ಬೇಡ ಅಂದಳು. ಇನ್ನು ‘ಮಾನಸ ಸರೋವರ’ದಲ್ಲಿ (1982) ಎಲ್ಲ ಉಲ್ಟಾ. ಅಲ್ಲಿ ಹುಡುಗಿಗೆ ಹುಚ್ಚು ವಾಸಿಯಾಗುತ್ತದೆ, ಅವಳು ತನಗೆ ಬೇಕಾದವನ ಜೊತೆ ಹೋಗುತ್ತಾಳೆ. ವಾಸಿ ಮಾಡಿದ ಡಾಕ್ಟರಿಗೇ, ಅಂದರೆ ಶ್ರೀನಾಥ್ ಪಾತ್ರಕ್ಕೆ, ಹುಚ್ಚು ಹಿಡಿಯುತ್ತದೆ. ‘ನೀನೇ ಸಾಕಿದಾ ಗಿಣಿ’ ಅಂತ ಹಾಡಿಕೊಂಡು ತಿರುಗುವವನು ಅವನು. ನಾನು ವಾಸಿ ಮಾಡಿದೆ ಅಂದಮಾತ್ರಕ್ಕೆ ಅವಳು ನನ್ನವಳು ಅಂದುಕೊಂಡ ನೋಡಿ, ಅಲ್ಲೇ ಅವನು ಕೆಟ್ಟದ್ದು. ಮತ್ತೆ ಅದೇ ಋಣದ ಲೆಕ್ಕ. ನಿಮಗೆ ಈ ಸಿನಿಮಾ ಸಿಟ್ಟು ತರಿಸಲಿಕ್ಕಿಲ್ಲ. ತರಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ‘ನಾಗರಹಾವು’ ಸಿನಿಮಾದ ಚಾಮಯ್ಯ ಮೇಷ್ಟ್ರು ಒಳ್ಳೆಯವರಾ, ಕೆಟ್ಟವರಾ? ನಾನು ದೇವರಂಥವರು ಅನ್ನುತ್ತೇನೆ. ನನ್ನ ಮಗ, ಅಪ್ಪಾ ಆ ಹುಡುಗನ ಜೀವನ ಹಾಳು ಮಾಡಿದ್ದೇ ಅವರು ಅನ್ನುತ್ತಾನೆ. ನಾನು ನಿವೃತ್ತ ಶಿಕ್ಷಕ. (ಚಿಕ್ಕಮಗಳೂರು)

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನಾನು ‘ನಾಗರಹಾವು’ ಮೊದಲ ಸಲ ನೋಡಿದ್ದು ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ, ಮರಳಿನ ಮೇಲೆ ಕೂತು. ನಮ್ಮ ಮುಂದೆಯೇ ಶಾಲೆಯ ಲೆಕ್ಕದ ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಕೂತಿದ್ದರು. ಹುಡುಗರೆಲ್ಲ ಸಿನಿಮಾದ ಪುಂಡ ಜಲೀಲನ ‘ಬುಲ್‌ಬುಲ್’ ಡೈಲಾಗಿಗೆ ಶಿಳ್ಳೆ ಹೊಡೆಯೋದು, ಮೇಷ್ಟ್ರು ಹಿಂದೆ ತಿರುಗಿದ ಕೂಡಲೇ ತಲೆ ತಗ್ಗಿಸೋದು. ಮಾರನೇ ದಿನದಿಂದ ಅವರಿಗೆ ಚಾಮಯ್ಯ ಮೇಷ್ಟ್ರು ಅಂತಲೇ ಹೆಸರು ಬಿತ್ತು. ಅವರಿಗೂ ಗೊತ್ತಿತ್ತು. ಅದು ಹೊಗಳಿಕೆಯೋ ಬೈಗುಳವೋ ಅಂತ ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ ಅನ್ನಿಸುತ್ತದೆ. ನಮಗೂ ಗೊತ್ತಿರಲಿಲ್ಲ.

ಸಿನಿಮಾದಲ್ಲಿ ಏನಾಗುತ್ತದೆ ನೋಡೋಣ. ರಾಮಾಚಾರಿ ಇಡೀ ಊರಿಗೆ ಬೇಡವಾದ ಹುಡುಗ. ಮೇಷ್ಟ್ರು ಒಬ್ಬರೇ ಅವನನ್ನು ಪ್ರೀತಿಸುವವರು. ಅವನು ದೇವರ ಮಾತು ಮೀರಿದರೂ ಮೀರಿಯಾನು, ಮೇಷ್ಟ್ರ ಮಾತು ಮೀರಲ್ಲ. ಅಲಮೇಲುವನ್ನು ಪ್ರೀತಿಸುತ್ತಾನೆ, ಜಾತಿ ಬೇರೆ. ಮೇಷ್ಟ್ರು ಬರುತ್ತಾರೆ. ಬೈಯೋದಿಲ್ಲ. ಬೆದರಿಸೋದಿಲ್ಲ. ಕೆ.ಎಸ್. ಅಶ್ವತ್ಥ್ ಆ ಮಾತುಗಳನ್ನು ಎಷ್ಟು ಮೆತ್ತಗೆ ಆಡುತ್ತಾರೆ ಅಂದರೆ ಎದುರಿಗೆ ಇರುವವನಿಗೆ ಇಲ್ಲ ಅನ್ನುವ ದಾರಿಯೇ ಉಳಿಯೋದಿಲ್ಲ. ಬೈದಿದ್ದರೆ ಆ ಹುಡುಗ ತಿರುಗಿ ಬೈದು ಅಲಮೇಲುವನ್ನು ಕರೆದುಕೊಂಡು ಓಡಿಹೋಗುತ್ತಿದ್ದ, ಬದುಕಿಕೊಳ್ಳುತ್ತಿದ್ದ. ಪ್ರೀತಿಯಿಂದ ಕೇಳಿದರು, ಕೊಟ್ಟುಬಿಟ್ಟ.

ಆಮೇಲೆ? ಅಲಮೇಲುಗೆ ಮನೆಯವರು ನೋಡಿದ ಕಡೆ ಮದುವೆಯಾಗುತ್ತದೆ. ಗಂಡ ಅವಳನ್ನು ವೇಶ್ಯಾವೃತ್ತಿಗೆ ತಳ್ಳುತ್ತಾನೆ. ರಾಮಾಚಾರಿ ಅವಳನ್ನು ಮತ್ತೆ ನೋಡೋದು ಒಂದು ಹೋಟೆಲ್ ರೂಮಿನಲ್ಲಿ. ತಾನು ಮಾಡಿದ ತ್ಯಾಗದ ಫಲ ಅವನ ಕಣ್ಣ ಮುಂದೆ ಕೂತಿರುತ್ತದೆ. ಇದಾದ ಮೇಲೂ ಮೇಷ್ಟ್ರು ಅವನು ಎರಡನೆಯದಾಗಿ ಪ್ರೀತಿಸಿದ ಮಾರ್ಗರೆಟ್ ವಿಷಯಕ್ಕೆ ಅದೇ ಮಾತು ಎತ್ತುತ್ತಾರೆ, ಈ ಸಲ ಧರ್ಮ ಬೇರೆ. ಎರಡನೇ ಸಲ ಹುಡುಗ ಕೊಡೋದಿಲ್ಲ. ಕೊನೆಯ ದೃಶ್ಯ ನಿಮಗೆ ಗೊತ್ತೇ ಇದೆ, ಬೆಟ್ಟ, ಮಾತಿಗೆ ಮಾತು, ಮೇಷ್ಟ್ರು ಕೆಳಗೆ ಬೀಳುತ್ತಾರೆ, ಹಿಂದೆಯೇ ಅವರಿಬ್ಬರೂ.

ಮೇಷ್ಟ್ರು ಒಳ್ಳೆಯವರೇ. ನಿಮ್ಮ ಮಗ ಹೇಳಿದ್ದೂ ನಿಜ. ಪುಟ್ಟಣ್ಣ ಎರಡನ್ನೂ ಒಂದೇ ಮನುಷ್ಯನಲ್ಲಿ ಇಟ್ಟರು, ಆ ಪಾತ್ರಕ್ಕೆ ನಮ್ಮ ಊರಿನ ಎಲ್ಲ ಮೇಷ್ಟ್ರುಗಳ ಮುಖ ಇರುವಂಥ ಅಶ್ವತ್ಥರನ್ನೇ ತಂದರು. ಮೇಷ್ಟ್ರ ಸ್ವಾರ್ಥ ಅದರಲ್ಲಿ ಒಂದು ಚೂರೂ ಇರಲಿಲ್ಲ. ಅವರಿಗೆ ತಮ್ಮ ಮಾತಿನ ತೂಕ ಗೊತ್ತಿರಲಿಲ್ಲ ಅಷ್ಟೇ, ಇಷ್ಟು ಪ್ರೀತಿ ಕೊಟ್ಟವರು ಬಾಯಿಬಿಟ್ಟು ಏನಾದರೂ ಕೇಳಿದರೆ ಅದು ಎದುರಿನವನಿಗೆ ಆಜ್ಞೆಗಿಂತ ಜಾಸ್ತಿ ಆಗುತ್ತದೆ ಅಂತ.

2018ರಲ್ಲಿ ‘ನಾಗರಹಾವು’ ಹೊಸ ಸೌಂಡ್ ಜೊತೆ ಮತ್ತೆ ಬಿಡುಗಡೆಯಾಯಿತಲ್ಲ, ಆಗ ಹೋಗಿದ್ದೆ. ಹುಟ್ಟುವ ಮೊದಲೇ ಬಂದಿದ್ದ ಸಿನಿಮಾಗೆ ಹುಡುಗರು ಕುಣಿಯುತ್ತಿದ್ದರು, ಪ್ರತಿ ಡೈಲಾಗೂ ಬಾಯಿಪಾಠ. ಮೇಷ್ಟ್ರು ಕೇಳಿಕೊಳ್ಳುವ ದೃಶ್ಯಕ್ಕೆ ಮಾತ್ರ ಥಿಯೇಟರಿನಲ್ಲಿ ಸದ್ದಿಲ್ಲ. ನನ್ನ ಪಕ್ಕದ ಹುಡುಗ ಮೆಲ್ಲಗೆ ‘ಬೇಡ್ವೋ, ಒಪ್ಕೋಬೇಡ್ವೋ’ ಅಂದ. ಮೊದಲ ಸಲ ನೋಡುತ್ತಿದ್ದನೋ ಹತ್ತನೇ ಸಲವೋ ಗೊತ್ತಿಲ್ಲ.

ಪ್ರಶ್ನೆ: ಕ್ಷಮಿಸಿ, ನನಗೆ ಆ ಝೂಮ್, ಸ್ಲೋ ಮೋಷನ್, ಗುಡುಗು ಸಿಡಿಲಿನ ಹಿನ್ನೆಲೆ ಸಂಗೀತ ನಗು ತರಿಸುತ್ತದೆ. ಇದನ್ನು ಶೈಲಿ ಅನ್ನಬೇಕಾ? (ಬೆಂಗಳೂರು)

ಉತ್ತರ: ಕ್ಷಮೆ ಯಾಕೆ, ನನಗೂ ಕೆಲವು ಕಡೆ ನಗು ಬರುತ್ತದೆ. ಒಂದು ಕಣ್ಣೀರಿಗೆ ಮೂರು ಸಲ ಝೂಮ್ ಬೇಕಿರಲಿಲ್ಲ. ಕಾಮಿಡಿ ಟ್ರ್ಯಾಕ್‌ಗಳಂತೂ ಆಗಲೂ ಹಳಸಿದ್ದವು, ಈಗ ಓಡಿಸಿ ನೋಡಬಹುದು.

ಆದರೆ ‘ಬಾರೆ ಬಾರೆ ಚೆಂದದ ಚೆಲುವಿನ ತಾರೆ’ಯನ್ನು ಈ ಪಟ್ಟಿಗೆ ಸೇರಿಸಬೇಡಿ. ಆ ಹಾಡಿನ ಸ್ಲೋ ಮೋಷನ್‌ಗೆ ಕಾರಣ ಇದೆ. ಇಡೀ ಸಿನಿಮಾದಲ್ಲಿ ರಾಮಾಚಾರಿ ಎಲ್ಲದಕ್ಕೂ ದುಡುಕುವವನು. ಹಲ್ಲು ಕಚ್ಚಿಕೊಂಡೇ ಮಾತಾಡುವವನು, ಕೈ ಮೊದಲು, ಯೋಚನೆ ಆಮೇಲೆ. ಅವನ ಜೀವನದಲ್ಲಿ ಅವಸರ ಇಲ್ಲದ ಗಳಿಗೆ ಅದೊಂದೇ. ಅಲ್ಲಿ ಮಾತ್ರ ಕಾಲ ನಿಧಾನವಾಗಿ ಓಡುತ್ತದೆ. ಮುಂದಿನ ಕಥೆ ಗೊತ್ತಿದ್ದು ಆ ಹಾಡು ನೋಡಿದರೆ ಬೇರೆಯೇ ಥರ ಕಾಣುತ್ತದೆ.

ಇನ್ನೊಂದು ಗಮನಿಸಿ. ಅವರ ಒಳ್ಳೆಯ ಸಿನಿಮಾಗಳಲ್ಲಿ ಹಾಡು ತೆಗೆದರೆ ಕಥೆ ನಿಲ್ಲೋದಿಲ್ಲ. ವಿಜಯಭಾಸ್ಕರ್, ಎಂ. ರಂಗರಾವ್ ಸಂಗೀತ, ವಿಜಯನಾರಸಿಂಹ ಅವರ ಸಾಹಿತ್ಯ. ಬೇರೆಯವರ ಸಿನಿಮಾದಲ್ಲಿ ಹಾಡು ಬಂತು ಅಂದರೆ ಜನ ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಇವರ ಸಿನಿಮಾದಲ್ಲಿ ಹಾಗೆ ಎದ್ದು ಹೋದವರು ಬಂದು ಪಕ್ಕದವರನ್ನು ಕೇಳಬೇಕಾಗುತ್ತಿತ್ತು, ಏನಾಯ್ತು, ಯಾಕೆ ಅಳ್ತಿದಾಳೆ ಅಂತ.

ನಿರ್ದೇಶಕ ಬಿ.ಆರ್. ಪಂತುಲು ಅವರ ಬಳಿ ಕೆಲಸ ಕಲಿತವರು ಪುಟ್ಟಣ್ಣ. ಅಲ್ಲಿ ಎಲ್ಲ ದೊಡ್ಡ ಅಳತೆ, ಎದ್ದು ಕಾಣುವ ಭಾವ. ಆ ಅಭ್ಯಾಸ ಕೊನೆವರೆಗೂ ಪೂರ್ತಿ ಬಿಡಲಿಲ್ಲ. ಇವರ ಬಳಿ ಕಲಿತವರಲ್ಲಿ ತಮಿಳಿನ ಭಾರತಿರಾಜ ಒಬ್ಬರು. ಅವರ ಹಳ್ಳಿಯ ಸಿನಿಮಾಗಳಲ್ಲಿ ಹಾಡಿನ ನಡುವೆ ಬಯಲು, ಹೂವು, ಹೊಳೆ ಬಂದು ಮಾತಾಡುವುದನ್ನು ನೋಡಿದಾಗ ನನಗೆ ಪುಟ್ಟಣ್ಣನ ನೆನಪಾಗುತ್ತದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ 16, ಮಗನಿಗೆ 12. ಕನ್ನಡ ಅರ್ಥವಾಗುತ್ತದೆ, ತಾಳ್ಮೆ ಇಲ್ಲ. ಪುಟ್ಟಣ್ಣನವರ ಯಾವ ಸಿನಿಮಾದಿಂದ ಶುರು ಮಾಡಲಿ?

ಉತ್ತರ: ಹನ್ನೆರಡರ ಹುಡುಗನಿಗೆ ‘ಪಡುವಾರಳ್ಳಿ ಪಾಂಡವರು’ (1978) ಹಾಕಿ. ಮಹಾಭಾರತವನ್ನು ಒಂದು ಹಳ್ಳಿಗೆ ತಂದಿದ್ದಾರೆ, ಐದು ಜನ ಹುಡುಗರು ಊರಿನ ದೊಡ್ಡ ಕುಳದ ವಿರುದ್ಧ ನಿಲ್ಲುತ್ತಾರೆ. ಮಹಾಭಾರತದ ಕಥೆ ಗೊತ್ತಿದ್ದರೆ ಯಾರು ಭೀಮ, ಯಾರು ದುರ್ಯೋಧನ ಅಂತ ಕಂಡುಹಿಡಿಯುವುದೇ ಅವನಿಗೊಂದು ಆಟ.

ಮಗಳಿಗೆ ‘ಬೆಳ್ಳಿಮೋಡ’. ಕಪ್ಪು ಬಿಳುಪು ಅಂತ ಮೊದಲು ಮೂತಿ ತಿರುಗಿಸಬಹುದು, ಅರ್ಧ ಗಂಟೆ ಕೂರಿಸಿ ನೋಡಿ. ‘ಶರಪಂಜರ’ ಆಮೇಲೆ, ಅವಳು ಕೇಳಿದರೆ. ‘ರಂಗನಾಯಕಿ’ (1981) ಇನ್ನೂ ಆಮೇಲೆ. ಮಗ ಅಂತ ಗೊತ್ತಿಲ್ಲದೆ ಬೆಳೆದ ಹುಡುಗ ತಾಯಿಯನ್ನೇ ಪ್ರೀತಿಸುವ ಕಥೆ ಅದು, ಆರತಿ ಅದ್ಭುತವಾಗಿ ಮಾಡಿದ್ದಾರೆ, ಆದರೆ ಹದಿನಾರಕ್ಕೆ ಸ್ವಲ್ಪ ಬೇಗ. ‘ಕಥಾಸಂಗಮ’ (1976) ರಜನಿಕಾಂತ್ ಇದ್ದಾರೆ ಅಂತ ಮಕ್ಕಳು ಹಟ ಮಾಡಬಹುದು. ಅದು ರಜನಿಕಾಂತರ ಮೊದಮೊದಲ ಸಿನಿಮಾಗಳಲ್ಲಿ ಒಂದು, ಅದರಲ್ಲಿ ಅವರು ಹೀರೋ ಅಲ್ಲ, ಕಣ್ಣು ಕಾಣದ ಹೆಣ್ಣುಮಗಳಿಗೆ ಅನ್ಯಾಯ ಮಾಡುವವನು. ಮಗನಿಗೆ ಈಗಲೇ ಬೇಡ.

‘ನಾಗರಹಾವು’ ಹಾಕಿದರೆ ನೀವೂ ಜೊತೆಗೆ ಕೂತು ನೋಡಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುವುದಾದರೆ ಬೆಳಿಗ್ಗೆ ಬೇಗ ಹತ್ತಿ, ಹನ್ನೊಂದರ ಮೇಲೆ ಆ ಬಂಡೆಗಳ ಮೇಲೆ ಕಾಲಿಡಲು ಆಗೋದಿಲ್ಲ.